ಸ್ನಾನದ ಹಾಳೆ

ಬಟ್ಟೆಕೋಣೆಯಲ್ಲಿ ನಿಂತು ಒಗೆದು ಬಂದ ಹೊದಿಕೆಗಳನ್ನು ಮಡಿಸುತ್ತಿದ್ದಾಗ ಮೊದಲು ನೆನಪಾದದ್ದು ಅವಳ ಕೈಗೆ, ಆಮೇಲೆ ಅವಳಿಗೆ. ಅಂಚಿಗೆ ಅಂಚು ಕೂಡಿಸಿ ಮಡಿಕೆಯ ಮೇಲೆ ಅಂಗೈ ಎಳೆಯುತ್ತಿದ್ದ ಬಲಗೈ ಗಕ್ಕನೆ ನಿಂತಿತು. ಅರ್ಧ ಗಂಟೆಯ ಹಿಂದೆ ನಾಲ್ಕನೆಯ ಮಂಚದ ಸ್ನಾನದ ಹಾಳೆಗೆ ಸಹಿ ಹಾಕುವಾಗ ಆ ಕೈ ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚು ತಿರುಗಿತ್ತು. ಹೆಸರಿಗೆ ಮೊದಲು ಏನೋ ಬರೆದಿತ್ತು. ಬರೆದಿತ್ತೆ? ಮನೆಗೆ ಬೀಗ ಹಾಕಿ ಬಸ್ಸು ಹತ್ತಿದ ಮೇಲೆ ಹಾಕಿದೆನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವುದಿಲ್ಲವೆ, ಹಾಗೆ. ಅವಳು ಕಣ್ಣು ಮುಚ್ಚಿ ಹಾಳೆಯನ್ನು ಮನಸ್ಸಿನಲ್ಲಿ ಬಿಡಿಸಿದಳು. ಮೇಲೆ ದಿನಾಂಕ, ಮಂಚದ ಸಂಖ್ಯೆ, ಮೈ ಒರೆಸಿದ್ದು, ಬೆನ್ನು ನೋಡಿದ್ದು, ಹಿಮ್ಮಡಿಗೆ ಎಣ್ಣೆ ಹಚ್ಚಿದ್ದು, ಕೆಳಗೆ ಎರಡು ಸಾಲಿನಷ್ಟು ಖಾಲಿ ಜಾಗ, ಅದರ ಕೆಳಗೆ ಹೆಸರು. ಹೆಸರಿನ ಹತ್ತಿರ ಬಂದ ಕೂಡಲೇ ಮಂಜು ಕವಿಯುತ್ತಿತ್ತು. ಡಾಕ್ಟರ್ ಎಂಬುದನ್ನು ಇಲ್ಲಿಯವರು ಎರಡೇ ಅಕ್ಷರದಲ್ಲಿ ಬರೆಯುತ್ತಾರೆ. ಅವಳೂ ಒಂದು ಕಾಲದಲ್ಲಿ ದಿನಕ್ಕೆ ನೂರು ಸಲ ಬರೆದವಳೇ. ಆರು ವರ್ಷ ಹಾಗೆ ಬರೆದ ಕೈ, ಒಂಬತ್ತು ವರ್ಷ ಬರೆಯದೆ ಸುಮ್ಮನಿದ್ದ ಕೈ. ಮಾರಿದ ದನ ಹಳೆಯ ಕೊಟ್ಟಿಗೆಯ ದಾರಿಯನ್ನೇ ಹಿಡಿಯುತ್ತದೆ ಎನ್ನುತ್ತಾರೆ. ಹತ್ತು ಗಂಟೆಗೆ ಹಿರಿಯ ವೈದ್ಯರು ರೌಂಡ್ಸಿಗೆ ಬರುತ್ತಾರೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ದಾಟಿ ಹತ್ತು ನಿಮಿಷವಾಗಿತ್ತು.

ಯಾವ ದಿನವಾದರೂ ಆಗಬಹುದಿತ್ತು, ಇವತ್ತೇ ಆಗಬೇಕಿತ್ತೆ. ಮಧ್ಯಾಹ್ನ ಎರಡಕ್ಕೆ ದೊಡ್ಡಕ್ಕ ಅವಳ ಕಾಗದಕ್ಕೆ ಸಹಿ ಹಾಕುವವಳಿದ್ದಳು. ದೊಡ್ಡಕ್ಕ ಎಂದರೆ ಈ ವಾರ್ಡಿನ ಮುಖ್ಯ ನರ್ಸು. ಅವಳು ಮನಸ್ಸಿನೊಳಗೆ ಹಾಗೆ ಕರೆಯುತ್ತಿದ್ದಳು, ಯಾಕೆಂದರೆ ಮನೆಯ ಹಿರಿಯ ಮಗಳ ಹಾಗೆ ಆ ಹೆಂಗಸಿಗೆ ಎಲ್ಲರ ತಪ್ಪೂ ಗೊತ್ತು, ಎಲ್ಲರ ಹಸಿವೂ ಗೊತ್ತು. ಬೇರೆ ದೇಶದಲ್ಲಿ ಓದಿ ಬಂದ ವೈದ್ಯರು ಇಲ್ಲಿ ಮತ್ತೆ ವೈದ್ಯರಾಗಬೇಕಾದರೆ ಎರಡು ಪರೀಕ್ಷೆ ಬರೆಯಬೇಕು, ಆಮೇಲೆ ಆರು ತಿಂಗಳು ಯಾವುದಾದರೂ ಆಸ್ಪತ್ರೆಯಲ್ಲಿ ಹಿರಿಯರ ಹಿಂದೆ ನಿಂತು ನೋಡಬೇಕು. ಹತ್ತು ವರ್ಷ ವೃತ್ತಿ ಬಿಟ್ಟವರಿಗೆ ಆ ಬಾಗಿಲೂ ಮುಚ್ಚುತ್ತದೆ, ಅವಳಿಗೆ ಉಳಿದದ್ದು ಒಂದೇ ವರ್ಷ. ಪರೀಕ್ಷೆ ಎರಡನ್ನೂ ಅವಳು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ ದಾಟಿದ್ದಳು. ಉಳಿದದ್ದು ಆ ಆರು ತಿಂಗಳು. ಹಾಗೆ ನಿಲ್ಲುವವರಿಗೆ ಸಂಬಳವಿಲ್ಲ. ಸಂಬಳವಿಲ್ಲದೆ ನಿಲ್ಲುವ ಮನೆ ಅವಳದಲ್ಲ. ಆದರೆ ಈ ಆಸ್ಪತ್ರೆ ವರ್ಷಕ್ಕೊಬ್ಬರನ್ನು ತನ್ನ ಕೆಲಸಗಾರರಿಂದಲೇ ಆರಿಸಿ, ಸಂಬಳ ತಪ್ಪಿಸದೆ ಆ ಜಾಗ ಕೊಡುತ್ತದೆ. ಈ ವರ್ಷ ಅದು ಅವಳಿಗೆ ಎಂದು ಹೆಚ್ಚುಕಡಿಮೆ ಆಗಿಹೋಗಿತ್ತು. ದೊಡ್ಡಕ್ಕ ಒಂದು ಮಾತು ಬರೆದುಕೊಡಬೇಕು, ಅಷ್ಟೇ: ಈಕೆ ಸಹಾಯಕಿಯಾಗಿದ್ದ ನಾಲ್ಕು ವರ್ಷದಲ್ಲಿ ತನ್ನ ಕೆಲಸದ ಎಲ್ಲೆಯನ್ನು ಎಂದೂ ಮೀರಿಲ್ಲ. ಪರವಾನಗಿ ಇಲ್ಲದವರು ಹೆಸರಿಗೆ ಆ ಎರಡಕ್ಷರ ಹಚ್ಚಿಕೊಳ್ಳುವುದು ಇಲ್ಲಿ ಅಪರಾಧ. ಕೆಲಸಕ್ಕೆ ಸೇರಿದ ದಿನವೇ ಅದನ್ನು ಓದಿ ಹೇಳಿ ರುಜು ಹಾಕಿಸಿಕೊಂಡಿದ್ದರು.

ಬೆಳಿಗ್ಗೆ ಆದದ್ದು ಇಷ್ಟೇ. ನಾಲ್ಕನೆಯ ಮಂಚದ ಅಜ್ಜಿ ನಲವತ್ತು ವರ್ಷ ಬಟ್ಟೆ ಹೊಲಿದ ದರ್ಜಿ. ಸೊಂಟದ ಮೂಳೆ ಮುರಿದು ಹನ್ನೆರಡು ದಿನದಿಂದ ಮಲಗಿದ್ದಳು. ಎಡೆಬಿಡದೆ ಮಾತಾಡುತ್ತ, ಪಕ್ಕದಲ್ಲಿ ಹಾದುಹೋಗುವವರ ಅಂಗಿಯ ಹೊಲಿಗೆಗೆ ಹೆಸರಿಡುತ್ತ, ತನ್ನ ಹಳೆಯ ಅಳತೆಪಟ್ಟಿಯನ್ನು ದಿಂಬಿನ ಕೆಳಗೆ ಸುತ್ತಿಟ್ಟುಕೊಂಡು ಮಲಗುವವಳು. ಬಿಸಿನೀರಿನ ಬಟ್ಟೆಯಿಂದ ಬಲಗಾಲು ಒರೆಸುತ್ತಿದ್ದ ಅವಳ ಅಂಗೈ ಮೀನಖಂಡದ ಮೇಲೆ ನಿಂತುಬಿಟ್ಟಿತು. ನೀರಿನ ಬಿಸಿ ಆರಿದ ಮೇಲೂ ಅಲ್ಲೊಂದು ಬಿಸಿ ಉಳಿದಿತ್ತು. ಎಡಗಾಲಿಗೆ ಹೋಗಿ ಮತ್ತೆ ಬಲಗಾಲಿಗೆ ಬಂದಳು. ಚರ್ಮ ಬಿಗಿದು ಮಿನುಗುತ್ತಿತ್ತು. ಮೆಲ್ಲಗೆ ಒತ್ತಿದರೆ ಅಜ್ಜಿ ಮಾತು ನಿಲ್ಲಿಸಿದಳು, ಅದೇ ದೊಡ್ಡ ಲಕ್ಷಣ. ಪಟ್ಟಿಯನ್ನು ಕೇಳಿ ತೆಗೆದುಕೊಂಡು, ಮಂಡಿಯಿಂದ ಕೆಳಗೆ ಎರಡೂ ಕಾಲಿಗೆ ಒಂದೇ ದೂರದಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟು, ಅಳತೆ ಹಿಡಿದಳು. "ಇನ್ನೂ ಸಡಿಲ ಬಿಡು, ಬಿಗಿ ಹಿಡಿದ್ರೆ ಗಿರಾಕಿ ಜಗಳಕ್ಕೆ ಬರ್ತಾನೆ," ಎಂದಳು ಅಜ್ಜಿ. ಮೂರೂವರೆ ಸೆಂಟಿಮೀಟರು ಹೆಚ್ಚು. ಒಳಗೆಲ್ಲೋ ರಕ್ತ ಹೆಪ್ಪುಗಟ್ಟಿದೆ. ಅದು ಕಳಚಿಕೊಂಡು ಹೊರಟರೆ ನೆಟ್ಟಗೆ ಎದೆಗೆ ಹೋಗುತ್ತದೆ, ಆಗ ಅಜ್ಜಿ ಯಾವುದೋ ಮಾತಿನ ಅರ್ಧದಲ್ಲಿ ನಿಂತುಹೋಗುತ್ತಾಳೆ. ಪಾಳಿಯ ನರ್ಸಿಗೆ ಹೇಳಿದಳು. ಆಕೆ ಔಷಧಿಯ ಗಾಡಿ ತಳ್ಳುತ್ತಲೇ, ಈ ವಯಸ್ಸಿಗೆ ಕಾಲು ಊದದೆ ಮತ್ತೇನು ಊದುತ್ತೆ ಎಂದು ನಕ್ಕು, ಬರೆದಿಡು ಎಂದು ಮುಂದಕ್ಕೆ ಹೋದಳು. ಬರೆದಿಟ್ಟಳು. ಸಹಾಯಕಿಯರು ಕಂಡದ್ದನ್ನಷ್ಟೇ ಬರೆಯಬೇಕು. ಕಾಲು ಸ್ವಲ್ಪ ಊದಿದೆ ಎಂದಿದ್ದರೆ ಸಾಕಿತ್ತು. ಪೆನ್ನು ಕಾಗದಕ್ಕೆ ತಾಗಿದ ಕೂಡಲೇ ಹಳೆಯ ಓಟ ಹಿಡಿಯಿತು: ಬಲ ಮೀನಖಂಡ, ಎಡಕ್ಕಿಂತ ಇಷ್ಟು ಹೆಚ್ಚು, ಬಿಸಿ, ಬಿಗಿ, ಒತ್ತಿದರೆ ನೋವು. ಆ ಓಟದಲ್ಲೇ ಹೆಸರಿನ ಗೆರೆಯನ್ನೂ ದಾಟಿರಬೇಕು.

ಮಡಿಸಿದ ಹೊದಿಕೆಗಳನ್ನು ಎದೆಗವಚಿಕೊಂಡು ಹೊರಟಳು. ಕೈಯಲ್ಲಿ ಏನಾದರೂ ಹಿಡಿದುಕೊಂಡಿದ್ದರೆ ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲ. ಇದನ್ನು ಕಲಿಸಿದವಳು ಅಮ್ಮ. ಓಣಿಯ ನೆಲವನ್ನು ಆಗಷ್ಟೇ ಒರೆಸಿದ್ದರು, ದೀಪಗಳು ನೀರಿನ ಮೇಲೆ ಉದ್ದಕ್ಕೆ ಬಿದ್ದಿದ್ದವು. ಅವಳು ಗೋಡೆಯ ಪಕ್ಕದ ಒಣ ಅಂಚಿನಲ್ಲಿ ಕಾಲಿಟ್ಟು ನಡೆದಳು. ಅಮ್ಮ ಮೂವತ್ತೊಂದು ವರ್ಷ ಆಯಾ ಆಗಿದ್ದ ಆಸ್ಪತ್ರೆಗೇ ಅವಳು ಓದಲು ಸೇರಿದ್ದು. ಸೀಟು ಸಿಕ್ಕ ದಿನ ಅಲ್ಲಿಯ ಗುಮಾಸ್ತ, ಆಯಾ ಮಗಳು ಡಾಕ್ಟ್ರಾದ್ರೆ ನಾಳೆ ಬೆಡ್‌ಪ್ಯಾನ್ ಎತ್ತೋರು ಯಾರಮ್ಮ ಎಂದು ಕೇಳಿದನಂತೆ. ಅಮ್ಮ ಕಸ ಗುಡಿಸುವುದನ್ನು ನಿಲ್ಲಿಸದೆ, ಅವಳಮ್ಮ ಇದ್ದಾಳಲ್ಲ ಸ್ವಾಮಿ ಎಂದಳಂತೆ. ಮೂರನೆಯ ವರ್ಷ, ಬಿಳಿ ಕೋಟು ಹಾಕಿಕೊಂಡು ಹನ್ನೆರಡು ಮಂದಿಯ ಜೊತೆ ಪ್ರೊಫೆಸರ ಹಿಂದೆ ಮೊದಲ ಸಲ ವಾರ್ಡಿಗೆ ಹೊರಟ ಬೆಳಿಗ್ಗೆ ಅಮ್ಮ ಆ ಓಣಿಯನ್ನೇ ಒರೆಸುತ್ತಿದ್ದಳು. ಡಾಕ್ಟರುಗಳ ಹಿಂಡು ಕಂಡದ್ದೇ ಬಕೀಟು ಎತ್ತಿಕೊಂಡು ಗೋಡೆಗೆ ಸರಿದು ಬೆನ್ನು ಹಚ್ಚಿ ನಿಂತಳು. ಯಾರ ಮುಖವನ್ನೂ ನೋಡಲಿಲ್ಲ, ಮಗಳ ಮುಖವನ್ನೂ. ತನಗೋಸ್ಕರವೇ ಹಾಗೆ ನೋಡದೆ ನಿಂತಿದ್ದಾಳೆ ಎಂದು ಮಗಳಿಗೆ ಗೊತ್ತಾಯಿತು. ಗೊತ್ತಾಗಿಯೂ ಆ ಉಪಕಾರವನ್ನು ತೆಗೆದುಕೊಂಡು, ಒದ್ದೆ ನೆಲದ ಮೇಲೆ ಎಲ್ಲರ ಜೊತೆ ಟಪಟಪ ನಡೆದುಹೋದಳು. ಸಂಜೆ ಅಮ್ಮ ಅದರ ಮಾತೆತ್ತಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ, "ಎಲ್ಲರ ಹೆಜ್ಜೆ ಒರೆಸಿದೆ. ನಿಂದು ಯಾವುದು ಅಂತ ಗೊತ್ತಾಯ್ತು, ಅದನ್ನ ಸ್ವಲ್ಪ ಹೊತ್ತು ಹಾಗೇ ಬಿಟ್ಟೆ," ಎಂದಳು. ಅಮ್ಮನ ಹತ್ತಿರ ಎಲ್ಲಕ್ಕೂ ಒಂದು ಕಥೆ. ದೇವರು ಲೋಕದ ಕೆಲಸಗಳನ್ನು ಹಂಚುತ್ತಿದ್ದನಂತೆ, ಒಬ್ಬಳು ಮಗುವಿಗೆ ಹಾಲು ಕುಡಿಸಿ ಬರುವಷ್ಟರಲ್ಲಿ ತಡವಾಯಿತಂತೆ, ಅಷ್ಟೊತ್ತಿಗೆ ಎಲ್ಲ ಹಂಚಿ ಮುಗಿದು ಒಂದು ಜೊತೆ ಕೈ ಉಳಿದಿತ್ತಂತೆ. ಇದನ್ನೇ ತಗೊಂಡು ಹೋಗು, ಕೆಲಸ ಅದೇ ಹುಡುಕಿಕೊಳ್ಳುತ್ತೆ ಎಂದನಂತೆ. ದೇವರು ಕೈ ಕೊಟ್ಟ ಅಂತ ಊರೆಲ್ಲ ಬೈತಾರೆ, ನಮಗೆ ನಿಜವಾಗ್ಲೂ ಕೊಟ್ಟ ಎಂದು ಅಮ್ಮ ನಗುತ್ತಿದ್ದಳು. ಈಗ ಭಾನುವಾರ ಫೋನಿನಲ್ಲಿ, ಈ ವಾರ ದಿನಕ್ಕೆ ಎಷ್ಟು ಜನಾನ ನೋಡಿದೆ ಎಂದು ಕೇಳುತ್ತಾಳೆ. ಹದಿನಾಲ್ಕು ಎನ್ನುತ್ತಾಳೆ ಇವಳು. ಹದಿನಾಲ್ಕು ಮಂಚ, ಹದಿನಾಲ್ಕು ಬೇಸಿನ್ ನೀರು, ಲೆಕ್ಕದಲ್ಲಿ ಸುಳ್ಳಿಲ್ಲ. ಕೈ ಒಣಗಿಸಿಕೊಳ್ಳಬೇಡ, ಎಣ್ಣೆ ಹಚ್ಚು ಎನ್ನುತ್ತಾಳೆ ಅಮ್ಮ, ಮತ್ತೇನೂ ಕೇಳುವುದಿಲ್ಲ. ಕೆಲವು ಸಲ ಆ ಎಣ್ಣೆಯ ಮಾತಿಗೆ ಅವಳಿಗೆ ಭಯವಾಗುತ್ತದೆ. ಡಾಕ್ಟರ ಕೈ ಯಾಕೆ ಒಣಗುತ್ತದೆ?

ಫೈಲುಗಳೆಲ್ಲ ನರ್ಸುಗಳ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಮೇಜಿನ ಹಿಂದೆ ಪಾಳಿಯ ನರ್ಸು ಕೂತು ಫೋನಿನಲ್ಲಿ ಯಾರಿಗೋ ರಕ್ತದ ವರದಿ ಓದಿ ಹೇಳುತ್ತಿದ್ದಳು. ಅವಳು ಪಕ್ಕದ ಬೀರು ತೆರೆದು ಹೊದಿಕೆಗಳನ್ನು ಒಂದೊಂದಾಗಿ ಇಡತೊಡಗಿದಳು, ಇಟ್ಟದ್ದನ್ನು ತೆಗೆದು ಮತ್ತೆ ಇಟ್ಟಳು. ಕಾಯುವುದು ಅವಳಿಗೆ ಹೊಸದೇನಲ್ಲ. ಈ ದೇಶಕ್ಕೆ ಅವಳು ಬಂದದ್ದು ಗಂಡನ ಕಾಗದದ ಮೇಲೆ. ಅವನು ಯಂತ್ರ ದುರಸ್ತಿಯವನು, ಕೆಲಸ ಅವನನ್ನು ಕರೆದಿತ್ತು. ಅವಳ ಕಾಗದದಲ್ಲಿ ಅವಲಂಬಿತೆ ಎಂದು ಅಚ್ಚಾಗಿತ್ತು. ಆರು ವರ್ಷ ಹೆರಿಗೆ ವಾರ್ಡು ನೋಡಿದವಳು ಆ ಪದವನ್ನು ವಿಮಾನದಲ್ಲಿ ಎರಡು ಸಲ ಓದಿದ್ದಳು. ಅವಲಂಬಿತೆಗೆ ಮೂರು ವರ್ಷ ಕೆಲಸ ಮಾಡುವ ಹಕ್ಕಿಲ್ಲ. ಮೂರು ವರ್ಷ ಅವಳು ಕಿಟಕಿಯಿಂದ ಬಸ್ ನಿಲ್ದಾಣ ನೋಡಿದಳು. ಕುಂಟುತ್ತ ಬಸ್ಸು ಹತ್ತುವವರಿಗೆ ಯಾವ ಕೀಲು ಸವೆದಿದೆ ಎಂದು ಮನಸ್ಸಿನಲ್ಲೇ ಬರೆದುಕೊಂಡಳು. ಆಮೇಲೆ ಮಗಳು. ಗಂಡ ಕೆಟ್ಟವನಲ್ಲ, ಪಾತ್ರೆ ತೊಳೆಯುತ್ತಾನೆ, ಮಗಳ ತಲೆ ಬಾಚುತ್ತಾನೆ, ಪರೀಕ್ಷೆಯ ಹಿಂದಿನ ದಿನ ಪುಸ್ತಕಕ್ಕೆ ರಟ್ಟು ಹಾಕಿಕೊಟ್ಟಿದ್ದಾನೆ. ಇನ್ನೊಂದು ವರ್ಷ ತಡಿ ಎನ್ನುವುದನ್ನೂ ಪ್ರೀತಿಯಿಂದಲೇ ಹೇಳುತ್ತಾನೆ. ಅವನ ಕೆಲಸ ಕಾಯಂ ಆಗಲಿ, ಮಗಳು ಶಾಲೆಗೆ ಹೋಗಲಿ, ಈ ಚಳಿ ಕಳೆಯಲಿ. ಪ್ರತಿಯೊಂದಕ್ಕೂ ಕಾರಣವಿತ್ತು, ಯಾವ ಕಾರಣವೂ ಸುಳ್ಳಾಗಿರಲಿಲ್ಲ. ಹನಿಹನಿಯಾಗಿ ಸೋರಿದ ನೀರಿಗೆ 'ಚೆಲ್ಲಿದೆ' ಎಂದು ಯಾರೂ ಬೈಯುವುದಿಲ್ಲ. ಕೊಡ ಮಾತ್ರ ಖಾಲಿಯಾಗಿರುತ್ತದೆ.

ನರ್ಸು ಫೋನಿಟ್ಟು ಎದ್ದುಹೋದಳು. ಅವಳು ಕೈ ಚಾಚುವ ಮೊದಲೇ ಇನ್ನೊಂದು ಕೈ ನಾಲ್ಕನೆಯ ಫೈಲನ್ನು ಎಳೆದುಕೊಂಡಿತು. ಇಸ್ತ್ರಿಯ ಗೆರೆ ಮಾಸದ ಬಿಳಿ ಕೋಟಿನ ಹುಡುಗಿ. ಅವಳದೇ ಭಾಷೆಯವಳು, ಅವಳದೇ ಊರುಗಳ ಕಡೆಯವಳು. ಎರಡು ತಿಂಗಳಿನಿಂದ ಸಂಬಳವಿಲ್ಲದೆ ವೈದ್ಯರ ಹಿಂದೆ ನಿಂತು ನೋಡುತ್ತಿರುವವಳು. ಅಪ್ಪನಿಗೆ ಎರಡು ಆಸ್ಪತ್ರೆ ಇದೆಯಂತೆ, ಹತ್ತಿರದಲ್ಲೇ ಮಗಳಿಗೆ ಮನೆ ಹಿಡಿದುಕೊಟ್ಟಿದ್ದಾನಂತೆ. ಒಂದು ದಿನ ಬಿಸ್ಕತ್ತು ಹಂಚುತ್ತ, ಆಸ್ಪತ್ರೆ ಎರಡೂ ಅಣ್ಣನಿಗೆ, ನನಗೆ ಇಲ್ಲಿ ಒಂದೂವರೆ ವರ್ಷ, ಅಷ್ಟರಲ್ಲಿ ಆಗದಿದ್ರೆ ಮದುವೆ ಎಂದು ಯಾರದೋ ಸುದ್ದಿ ಹೇಳುವಂತೆ ಹೇಳಿದ್ದಳು. ಈಗ ಹುಡುಗಿಯ ಇನ್ನೊಂದು ಕೈಯಲ್ಲಿ ಕಾಫಿಯ ಕಾಗದದ ಲೋಟವಿತ್ತು. ಹುಡುಗಿ ಹಾಳೆ ಓದುತ್ತ ಓದುತ್ತ ನಿಂತಳು. ಹುಬ್ಬು ಮೇಲೇರಿದ್ದನ್ನು ಅವಳು ಬೀರುವಿನ ಬಾಗಿಲ ಮರೆಯಿಂದಲೇ ನೋಡಿದಳು. ಮಂಜು ಕಳೆಯಿತು. ಬರೆದದ್ದು ನಿಜ.

"ಅಕ್ಕಾ," ಎಂದಳು ಹುಡುಗಿ, ದನಿ ಇಳಿಸಿ. "ನೀವು ಡಾಕ್ಟ್ರಾ?"

ಎರಡು ತಿಂಗಳಲ್ಲಿ ಈ ಹುಡುಗಿ ಅವಳಿಂದ ಬೇಸಿನ್ ತರಿಸಿದ್ದಳು, ಒದ್ದೆ ಹೊದಿಕೆ ಎತ್ತಿಸಿದ್ದಳು, ಒಂದು ಸಲ ತನ್ನ ಶೂ ಮೇಲೆ ಬಿದ್ದ ವಾಂತಿಯನ್ನು ಒರೆಸಿಸಿಕೊಂಡಿದ್ದಳು, ಪ್ರತಿ ಸಲವೂ ಥ್ಯಾಂಕ್ಸ್ ಅಕ್ಕ ಎಂದಿದ್ದಳು. ಬೀರುವಿನ ಬಾಗಿಲು ಮುಚ್ಚಿ ಅವಳು ಹತ್ತಿರ ಬಂದಳು. ಹಾಳೆಯ ಕಡೆಗೆ ಕೈ ಚಾಚಿದಳು. ಹೊಡೆದುಹಾಕಬಹುದಿತ್ತು, ಆದರೆ ಇಲ್ಲಿಯ ಕ್ರಮದಲ್ಲಿ ತಪ್ಪನ್ನು ಒಂದೇ ಗೆರೆಯಿಂದ ಹೊಡೆಯಬೇಕು, ಹೊಡೆದದ್ದು ಓದಲು ಬರಬೇಕು, ಪಕ್ಕದಲ್ಲಿ ಹೊಡೆದವರ ಸಹಿ ಇರಬೇಕು. ಹಾಳೆಗಳಿಗೆಲ್ಲ ಸಂಖ್ಯೆ ಉಂಟು; ಹೊಸದು ಬೇಕಾದರೆ ದೊಡ್ಡಕ್ಕನ ಡ್ರಾಯರಿನಿಂದ, ಕಾರಣ ಹೇಳಿ. ಮತ್ತು ಹಿರಿಯ ವೈದ್ಯರು ಸ್ನಾನದ ಹಾಳೆಯನ್ನು ಬಿಡದೆ ಓದುವವರು.

ಹುಡುಗಿಗೆ ಇದೆಲ್ಲ ಹೇಳಬೇಕಾಗಲಿಲ್ಲ. ಅವಳ ಕಣ್ಣು ಹಾಳೆಯಿಂದ ಲೋಟಕ್ಕೆ, ಲೋಟದಿಂದ ಹಾಳೆಗೆ ಹೋಗಿಬಂತು. "ಇದರ ಮೇಲೆ ಕಾಫಿ ಚೆಲ್ಲಿಬಿಡ್ತೀನಿ. ಹೊಸ ಹಾಳೆ ತರ್ತೀನಿ, ನೀವು ಬರೀ ಹೆಸರು ಬರೀರಿ. ನನಗೇನು ಮಾಡ್ತಾರೆ ಅಕ್ಕ, ಕಣ್ಣು ಕಾಣಲ್ವಾ ಅಂತಾರೆ, ಅಷ್ಟೇ ತಾನೆ?"

ಅಷ್ಟೇ. ಹೋದ ಚಳಿಗಾಲ ಒಬ್ಬ ಸಹಾಯಕಿ ಫೈಲಿನ ಮೇಲೆ ಚಹಾ ಚೆಲ್ಲಿದ್ದಕ್ಕೆ ಮೂರು ಸಲ ವಿಚಾರಣೆ ನಡೆದು, ಕೊನೆಗೆ ಅವಳನ್ನು ನೆಲಮಾಳಿಗೆಯ ಬಟ್ಟೆ ಒಗೆಯುವಲ್ಲಿಗೆ ಕಳಿಸಿದ್ದರು. ಹುಡುಗಿಯ ಮುಖದಲ್ಲಿ ಕಪಟವಿರಲಿಲ್ಲ. ಆಟದಲ್ಲಿ ಗೆಳತಿಯನ್ನು ಉಳಿಸುವ ಮಗುವಿನ ಉತ್ಸಾಹ ಇತ್ತು. ಕಾಲಿನ ಮಾತನ್ನೂ ತಾನೇ ಬರೆದು ತಾನೇ ಹೇಳುತ್ತೇನೆ, ನೀವು ಅಳತೆ ಹಿಡಿದಿರಿ ಅಂದ್ರೆ ಮತ್ತೆ ಅದೇ ರಗಳೆ ಎಂದಳು. ಅದೂ ನಿಜವೇ. ಅವಳು ಬೇಡ ಎನ್ನಬಹುದಿತ್ತು. ಒಂದೇ ಗೆರೆ ಎಳೆದು ಸಹಿ ಹಾಕಿ, ಹೌದು, ನಾನೇ, ಆಗಿದ್ದೆ ಎನ್ನಬಹುದಿತ್ತು. ಹಾಗೆ ಅನ್ನುವವರು ಕಥೆಗಳಲ್ಲಿ ಬರುತ್ತಾರೆ, ಅವರಿಗೆ ಸಂಜೆ ನಾಲ್ಕಕ್ಕೆ ಶಾಲೆಯ ಬಾಗಿಲಲ್ಲಿ ನಿಲ್ಲುವ ಮಗಳಿರುವುದಿಲ್ಲ.

"ಅಜ್ಜಿ ಕಾಲಿನ ವಿಷಯ ಒಂದು ಅಕ್ಷರಾನೂ ಬಿಟ್ಟುಹೋಗಬಾರದು," ಎಂದಳು.

ಅದೇ ಒಪ್ಪಿಗೆಯಾಯಿತು. ಅಜ್ಜಿಗೋಸ್ಕರ ಆಡಿದ ಮಾತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಳ್ಳುವಾಗಲೇ ಅದರಲ್ಲಿ ಎಷ್ಟು ಪಾಲು ಅಜ್ಜಿಯದು ಎಂಬುದೂ ಗೊತ್ತಿತ್ತು. ಹುಡುಗಿ ಗಿಡಕ್ಕೆ ನೀರು ಹಾಕುವಷ್ಟು ಜೋಪಾನವಾಗಿ, ಕೆಳಗಿನ ಗೆರೆಯಿಂದ ಶುರುಮಾಡಿ, ಕಾಫಿಯನ್ನು ಹಾಳೆಯ ಮೇಲೆ ಹನಿಸಿದಳು. ಶಾಯಿ ಮೊದಲು ನೀಲಿಯಾಗಿ ಅರಳಿತು, ಆಮೇಲೆ ಕಂದಾಗಿ ಹರಡಿತು. ಇಷ್ಟು ಸುಲಭ. ಅವಳಿಗೆ ಹಗುರೆನಿಸಿತು. ಆ ಹಗುರವೇ ಅವಳಿಗೆ ಅಸಹ್ಯವಾಯಿತು. ಹುಡುಗಿಯ ಕೂಗಿಗೆ ದೊಡ್ಡಕ್ಕ ಓಡಿ ಬಂದು, ಮೊದಲು ಕೇಳಿದ್ದು ಕೈ ಸುಟ್ಟಿತೇ ಎಂದು. ಕೋಟಿಗೆ ಕಲೆಯಾಯಿತಲ್ಲ ಎಂದು ಲೊಚಗುಟ್ಟಿ ಹೊಸ ಹಾಳೆ ತೆಗೆದುಕೊಟ್ಟಳು. ಪಕ್ಕದಲ್ಲಿ ನಿಂತಿದ್ದ ಅವಳಿಗೆ ಹೇಳಿದಳು, ಮೇಜು ಒರೆಸು.

ಒರೆಸಿದಳು. ಹೊಸ ಹಾಳೆಯಲ್ಲಿ ಹುಡುಗಿಯ ದುಂಡನೆಯ ಅಕ್ಷರದಲ್ಲಿ ಎಲ್ಲವೂ ಇತ್ತು, ಒಂದೂ ಬಿಟ್ಟಿರಲಿಲ್ಲ. ತನ್ನ ಗೆರೆಯ ಮೇಲೆ ಅವಳು ಹೆಸರು ಬರೆದಳು. ಕೈ ಎಲ್ಲೂ ಎಡವಲಿಲ್ಲ.

ಹತ್ತಕ್ಕೆ ಹಿರಿಯ ವೈದ್ಯರು ಬಂದರು. ಅವಳು ಬೇಸಿನ್ ಹಿಡಿದು ನಾಲ್ಕನೆಯ ಮಂಚದ ಹತ್ತಿರವೇ ಇದ್ದಳು. ಜನ ಬಂದಂತೆ ಹಿಂದೆ ಸರಿದಳು, ಹೆಗಲಿಗೆ ಗೋಡೆಯ ತಣ್ಣಗಿನ ಬಣ್ಣ ತಾಗಿತು. ವೈದ್ಯರು ಹಾಳೆಯನ್ನು ಓದಿದರು, ಕನ್ನಡಕ ಮೇಲಕ್ಕೆ ತಳ್ಳಿ ಮತ್ತೆ ಓದಿದರು, ಕಾಲು ಮುಟ್ಟಿದರು, ಅಲ್ಲೇ ಬಗ್ಗಿಕೊಂಡೇ, ಈ ಅಳತೆ ಯಾರು ತೆಗೆದದ್ದು ಎಂದು ಕೇಳಿದರು. ನಾನು ಎಂದಳು ಹುಡುಗಿ, ಸ್ವಲ್ಪ ಬೇಗನೆ. ಮಂಡಿಯಿಂದ ಎಷ್ಟು ಕೆಳಗೆ? ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಹತ್ತು ಸೆಂಟಿಮೀಟರು ಎಂದು ಗೋಡೆಯ ಹತ್ತಿರ ಅವಳ ನಾಲಗೆ ಹಲ್ಲಿಗೆ ತಾಗಿತು, ಶಬ್ದ ಹೊರಡಲಿಲ್ಲ. ವಾರ್ಡೆಲ್ಲ ಕೇಳಿಸಿಕೊಳ್ಳುತ್ತಿರುವಂತೆ ಇತ್ತು. ದಿಂಬಿನ ಮೇಲಿಂದ ದರ್ಜಿ ಅಜ್ಜಿ ಕೋಟಿನ ಹುಡುಗಿಯನ್ನು ನೋಡಿದಳು, ಆಮೇಲೆ ಗೋಡೆಯ ಕಡೆ ತಿರುಗಿ ಅವಳನ್ನು ನೋಡಿದಳು. ಗಿರಾಕಿ ಹೇಳುವ ಅಳತೆ ಯಾವುದು, ಮೈಯ ಅಳತೆ ಯಾವುದು ಎಂದು ನಲವತ್ತು ವರ್ಷ ನೋಡಿದ ಕಣ್ಣು.

"ಚುಕ್ಕೆ ಇಟ್ಟಿದೆಯಲ್ಲ ಡಾಕ್ಟ್ರೇ, ಅಳೆದು ನೋಡ್ಕೋ," ಎಂದಳು ಅಜ್ಜಿ. "ಅಳತೆ ಯಾರು ತಗೊಂಡ್ರೇನು, ಹೊಲಿಯೋನು ನೀನು ತಾನೆ?"

ಎಲ್ಲರೂ ನಕ್ಕರು. ವೈದ್ಯರೂ ನಕ್ಕು, ಪಟ್ಟಿ ಹಿಡಿದು ನೋಡಿ, ನಗು ನಿಲ್ಲಿಸಿದರು. ನಿನ್ನೆ ಹೇಗಿತ್ತು ಎಂದು ಕೇಳಿದರು. ಹುಡುಗಿಗೆ ಗೊತ್ತಿರಲಿಲ್ಲ; ಪಾಳಿಯ ನರ್ಸು ಫೈಲಿನ ಹಿಂದಿನ ಪುಟಗಳನ್ನು ತಿರುವತೊಡಗಿದಳು. ನಿನ್ನೆ ಎರಡೂ ಸಮ ಇತ್ತು ಎಂದು ಗೋಡೆಯ ಕಡೆಯಿಂದ ದನಿ ಬಂತು. ಅದು ತನ್ನದೇ ದನಿ ಎಂದು ಅವಳಿಗೆ ಒಂದು ಕ್ಷಣ ತಡವಾಗಿ ತಿಳಿಯಿತು. ವೈದ್ಯರು ಮೊದಲ ಸಲ ಅವಳನ್ನು ನೋಡಿದರು, ಮೈ ಒರೆಸುವುದು ನೀವೇನಾ ಎಂದರು, ಹೌದು ಎಂದಳು. ಅವರು ಸಂತೋಷದಿಂದ ಹುಡುಗಿಯ ಕಡೆ ತಿರುಗಿ, ಚೆನ್ನಾಗಿ ಕಂಡುಹಿಡಿದೆ, ಆದರೆ ಒಂದು ಪಾಠ ಕಲಿ ಎಂದರು. ನಿನ್ನೆಯ ಕಾಲು ಹೇಗಿತ್ತು ಎಂದು ಇಂಥವರಿಗೇ ಗೊತ್ತಿರುತ್ತದೆ, ಇವರನ್ನು ಕೇಳದೆ ಯಾರೂ ಡಾಕ್ಟರಾಗುವುದಿಲ್ಲ. ಎಲ್ಲರೂ ಅವಳ ಕಡೆ ತಿರುಗಿ ನೋಡಿ ಮುಗುಳ್ನಕ್ಕರು. ಅವಳೂ ಮುಗುಳ್ನಗಬೇಕಾಯಿತು. ಬೇಸಿನ್ನನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಹಿಂಡು ಐದನೆಯ ಮಂಚಕ್ಕೆ ಸರಿಯಿತು. ಅಜ್ಜಿ ಮಾತ್ರ ಅವಳ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಸಮವಸ್ತ್ರದ ಭುಜವನ್ನು ಜಗ್ಗಿ ನೋಡಿ, ಇದು ಯಾರದೋ ಅಳತೆಗೆ ಹೊಲಿದದ್ದು ಎಂದಳು.

ಹನ್ನೊಂದೂವರೆಗೆ ಸ್ಕ್ಯಾನಿನಿಂದ ಕಾಗದ ಬಂತು. ಹೆಪ್ಪು ಇತ್ತು, ತೊಡೆಯವರೆಗೂ ಏರಿತ್ತು. ಔಷಧಿ ಶುರುಮಾಡಿದರು. ಅಜ್ಜಿ ಉಳಿದಳು, ದೇವರು ದೊಡ್ಡವನು. ಅವಳು ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು; ಎರಡನೆಯ ಸಲ ಹೇಳುವಾಗ, ಇಷ್ಟು ಸಾಲದೆ ನಿನಗೆ ಎಂದು ತನ್ನನ್ನೇ ಗದರಿಸಿಕೊಂಡ ಹಾಗಿತ್ತು. ಕೈ ತೊಳೆಯುವಲ್ಲಿ ಹುಡುಗಿ ಸಿಕ್ಕಳು. ನೋಡಿದ್ರಾ ಅಕ್ಕ, ಇಬ್ಬರೂ ಬಚಾವ್ ಎಂದಳು. ಆಮೇಲೆ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ, ನಾನೂ ಮುಟ್ಟಿ ನೋಡಿದೆ, ನನ್ನ ಕೈಗೆ ಏನೂ ಗೊತ್ತಾಗಲಿಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ದಿನಾ ತೊಳೆದರೆ ಗೊತ್ತಾಗುತ್ತದೆ ಎಂದಳು.

ಎರಡು ಗಂಟೆಗೆ ದೊಡ್ಡಕ್ಕನ ಕೋಣೆ. ಕಿಟಕಿಯ ಆಚೆ ಆಂಬುಲೆನ್ಸುಗಳನ್ನು ತೊಳೆಯುತ್ತಿದ್ದರು. ದೊಡ್ಡಕ್ಕ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕಾಗದವನ್ನು ಗಟ್ಟಿಯಾಗಿ ಓದಿದಳು. ನಾಲ್ಕು ವರ್ಷ, ಒಂದು ದಿನವೂ ತಡವಿಲ್ಲ, ರೋಗಿಗಳಿಂದ ದೂರಿಲ್ಲ, ತನ್ನ ಕೆಲಸದ ಎಲ್ಲೆಯನ್ನು ಎಂದೂ ಮೀರಿಲ್ಲ. ಆ ಸಾಲಿಗೆ ಬಂದಾಗ ಅವಳು ದೊಡ್ಡಕ್ಕನ ಪೆನ್ನಿನ ಮುಚ್ಚಳವನ್ನು ನೋಡುತ್ತಿದ್ದಳು. ಡಾಕ್ಟರಾಗಲು ಬೇಕಾದ ಕಾಗದ ಇದು, ಡಾಕ್ಟರಂತೆ ಎಂದೂ ನಡೆದುಕೊಂಡಿಲ್ಲ ಎಂಬ ಕಾಗದ. ದೊಡ್ಡಕ್ಕ ಸಹಿ ಹಾಕಿದಳು, ಮೊಹರು ಒತ್ತಿದಳು, ಒಣಗಲೆಂದು ಊದಿದಳು. ಮುಂದಿನ ತಿಂಗಳ ಮೊದಲ ಸೋಮವಾರದಿಂದ ಕೋಟು ಹಾಕಿಕೊಂಡು ಬಾ ಎಂದಳು. ಅವಳು ಥ್ಯಾಂಕ್ಸ್ ಎಂದಳು.

"ನಿಜ ಹೇಳ್ತೀನಿ, ನಿನ್ನನ್ನ ತಗೊಳ್ಳೋವಾಗ ನಾನು ಬೇಡ ಅಂದಿದ್ದೆ," ಎಂದಳು ದೊಡ್ಡಕ್ಕ, ಡಬ್ಬಿಯನ್ನು ಮತ್ತೆ ಹತ್ತಿರ ಎಳೆದುಕೊಳ್ಳುತ್ತ. "ಅಲ್ಲಿ ಡಾಕ್ಟ್ರಾಗಿದ್ದೋರಿಗೆ ಕೈ ಬಕೀಟಲ್ಲಿರುತ್ತೆ, ಕಣ್ಣು ಫೈಲಲ್ಲಿರುತ್ತೆ. ನೀನೊಬ್ಬಳು ಸರಿಹೋದೆ. ಈಗ ನಿನ್ನ ಜಾಗ ಖಾಲಿ. ನಿಮ್ಮ ಕಡೆಯೋರಲ್ಲೇ ಯಾರಾದ್ರೂ ಇದ್ರೆ ಹೇಳು, ನಿನ್ನ ಹಾಗೆ ಬಾಯಿ ಮುಚ್ಕೊಂಡು ಕೆಲಸ ಮಾಡೋರು. ಇನ್ನೊಬ್ಬಳು ಡಾಕ್ಟ್ರು ಮಾತ್ರ ಬೇಡ."

ಇದ್ದಾಳೆ. ಅವಳಿರುವ ಕಟ್ಟಡದ ಮೇಲಿನ ಮಹಡಿಯಲ್ಲೇ ಇದ್ದಾಳೆ. ನಾಲ್ಕು ವರ್ಷದ ಹಿಂದೆ ಗಂಡನ ಕಾಗದದ ಮೇಲೆ ಬಂದವಳು, ಅಲ್ಲಿ ಹನ್ನೊಂದು ವರ್ಷ ಮಕ್ಕಳ ಡಾಕ್ಟರಾಗಿದ್ದವಳು. ಗಂಡ ಬಿಟ್ಟುಹೋದ ಮೇಲೆ ಯಾವ ಕೆಲಸವಾದರೂ ಸರಿ ಎಂದು ಅರ್ಜಿ ಹಾಕುತ್ತಲೇ ಇದ್ದಾಳೆ, ಓದಿದ್ದು ಹೆಚ್ಚಾಯಿತೆಂದು ಅವು ವಾಪಸು ಬರುತ್ತಲೇ ಇವೆ. ಕಟ್ಟಡದಲ್ಲಿ ಯಾವ ಮಗುವಿಗೆ ಜ್ವರ ಬಂದರೂ ತಾಯಂದಿರು ಸದ್ದಿಲ್ಲದೆ ಅವಳ ಬಾಗಿಲು ತಟ್ಟುತ್ತಾರೆ. ಅವಳು ಮಗುವಿನ ಹೊಟ್ಟೆ ಮುಟ್ಟುವ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾಳೆ, ನಿಮ್ಮ ಆಸ್ಪತ್ರೆಯಲ್ಲಿ ಏನಾದ್ರೂ ಇದೆಯಾ. ಹಾಗೆ ಕೇಳುವಾಗ ಅವಳ ದನಿ ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗಿಳಿದಿರುತ್ತದೆ.

"ಇದ್ದಾರೆ," ಎಂದಳು. "ಒಳ್ಳೆ ಕೆಲಸಗಾರ್ತಿ."

ಅಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳುತ್ತ ದೊಡ್ಡಕ್ಕ ಪೆನ್ನಿನ ಮುಚ್ಚಳ ತೆಗೆದಳು.

ಕೆಳಗೆ ಆಂಬುಲೆನ್ಸಿನ ಗಾಜಿನ ಮೇಲೆ ಸಾಬೂನು ನೀರು ಇಳಿಯುತ್ತಿತ್ತು. ಒಬ್ಬ ಉದ್ದನೆಯ ಹಿಡಿಯ ಬ್ರಷ್ಷಿನಿಂದ ಅದನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದ.

"ಏನೂ ಇಲ್ಲ," ಎಂದಳು. "ಮನೇಲೇ ಇದ್ರು."

ದೊಡ್ಡಕ್ಕ ಬರೆದುಕೊಂಡಳು. ನಾಳೆ ಬೆಳಿಗ್ಗೆ ಏಳಕ್ಕೆ ಬಂದು ನನ್ನನ್ನು ಕಾಣಲಿ ಎಂದಳು, ಮೆತ್ತನೆಯ ಶೂ ಹಾಕಿಕೊಂಡು ಬರಲಿ, ಉಗುರು ಕತ್ತರಿಸಿಕೊಂಡು ಬರಲಿ, ಹೊಸಬರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅವರ ಉಗುರು ಯಾವಾಗಲೂ ಕತ್ತರಿಸಿಯೇ ಇರುತ್ತದೆ ಎಂದು ಹೇಳಬೇಕೆನಿಸಿತು. ಹೇಳ್ತೀನಿ ಎಂದು ಎದ್ದಳು.